ಜೊತೆ ಸವಾರಿಯ ನೀತಿ

ಬೈಸಿಕಲ್ಲಿಗೆ ಪಂಡಿತರು ‘ದ್ವಿಚಕ್ರಿ’ ಎಂದು ಹೆಸರಿಟ್ಟರು. ಜನ ‘ಸೈಕಲ್ಲು’ ಎಂದು ಕರೆದು ತಮ್ಮದಾಗಿಸಿಕೊಂಡರು. ಹೆಸರು ಯಾವುದೇ ಇರಲಿ, ಮುಂದಿನ ಗಾಲಿ ದಾರಿ ಹಿಡಿಯುತ್ತದೆ, ಹಿಂದಿನ ಗಾಲಿ ನೂಕುತ್ತದೆ. ಎರಡರಲ್ಲಿ ದೊಡ್ಡದು ಯಾವುದು ಎಂದು ಕೇಳುವವರಿಲ್ಲ. ಇಬ್ಬರು ಜೊತೆಗೂಡಿ ಸೈಕಲ್ಲಿನ ಮೇಲೆ ದೂರದ ಊರಿಗೆ ಹೊರಟಾಗ ನೆನಪಿಡತಕ್ಕ ಮಾತೂ ಇದೇ. ಒಡೆದ ಟ್ಯೂಬಿಗೆ ಪ್ಯಾಚು ಉಂಟು. ಒಡೆದ ಮನಸ್ಸಿಗೆ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ.

ದೂರ ಸವಾರಿಯ ಹುಚ್ಚು ಹೊಸದೇನೂ ಅಲ್ಲ. ಥಾಮಸ್ ಸ್ಟೀವನ್ಸ್ ಎಂಬಾತ 1884ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಹೊರಟು, ನಮ್ಮ ಉತ್ತರ ಹಿಂದೂಸ್ತಾನವನ್ನೂ ಹಾದು, 1886ರ ಕೊನೆಗೆ ಜಪಾನಿನ ಯೋಕೊಹಾಮ ತಲುಪಿದ. ಆತನದು ಮುಂದೆ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿಯ ಹಳೆಯ ವಾಹನ. ಡನ್‌ಲಪ್ಪನ ಗಾಳಿ ತುಂಬಿದ ಟೈರು ಬಂದದ್ದು 1888ರಲ್ಲಿ. ಸ್ಟೀವನ್ಸನಿಗೆ ಆ ಸುಖವೂ ಇರಲಿಲ್ಲ. ಮುಂದೆ 1923ರಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಭೂಪ್ರದಕ್ಷಿಣೆಗೆ ಹೊರಟರು. ಜಪಾನ್, ಕೊರಿಯ, ಚೀನಾಗಳನ್ನೂ ಸುತ್ತಿ 1928ರಲ್ಲಿ ಮನೆ ಸೇರಿದಾಗ ಉಳಿದಿದ್ದವರು ಮೂವರೇ: ಆದಿ ಹಕೀಮ್, ಜಾಲ್ ಬಾಪಾಸೋಲ, ರುಸ್ತುಂ ಭೂಮ್‌ಗಾರಾ. ಮಿಕ್ಕ ಮೂವರು ನಡುದಾರಿಯಲ್ಲಿ ತಂಡ ಬಿಟ್ಟರು. ಹೊರಡುವುದಕ್ಕಿಂತ ಜೊತೆಯಾಗಿ ಉಳಿಯುವುದು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಷ್ಟು ದೂರ ಹೋಗುವ ಮಾತು ಬಿಡೋಣ. ದಾವಣಗೆರೆಯವರಾದ ನಮಗೆ ಅಭ್ಯಾಸಕ್ಕೆ ಹರಿಹರದ ರಸ್ತೆಯೇ ಸಾಕು. ಸುಮಾರು 14 ಕಿಲೋಮೀಟರ್. ಹೆದ್ದಾರಿಯ ಲಾರಿಗಳ ಗೊಡವೆ ಬೇಡವಾದರೆ ಹಳೆಯ ಪಿ.ಬಿ. ರಸ್ತೆ ಇದೆ. ಎಡಬಲದಲ್ಲಿ ಭದ್ರಾ ನಾಲೆಯ ನೀರುಂಡ ಗದ್ದೆಗಳು. ಹರಿಹರದಲ್ಲಿ ತುಂಗಭದ್ರೆ. ಅದರ ಮೇಲಿನ ಹಳೆಯ ಸೇತುವೆ 1868ರಲ್ಲಿ ಮುಗಿದದ್ದು. 1956ರಲ್ಲಿ ರಾಜ್ಯಗಳು ಒಂದಾಗುವವರೆಗೆ ಈಚೆ ದಡ ಮೈಸೂರಿನದು, ಆಚೆ ದಡ ಮುಂಬಯಿ ರಾಜ್ಯದ್ದು. ಹೊಳೆ ದಾಟಿ ಸುಮಾರು 25 ಕಿಲೋಮೀಟರ್ ತುಳಿದರೆ ರಾಣೆಬೆನ್ನೂರು. ಗದ್ದೆ ಹಿಂದಾಗಿ ಎರೆಹೊಲ ಕಾಣುತ್ತದೆ. ‘ಬನ್ನಿ’ ಎಂಬುದು ‘ಬರ್ರಿ’ ಆಗುತ್ತದೆ. ಇನ್ನು 30 ಕಿಲೋಮೀಟರಿಗೆ ಮಿಕ್ಕಿ ನಡೆದರೆ ಹಾವೇರಿ. ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುವ ಈ ನಾಡು ಸೈಕಲ್ಲಿನವನಿಗೆ ಒಂದು ದಿನದ ಪಾಠ.

ಇನ್ನು ಸವಾರಿಯ ಕ್ರಮ. ಮೊದಲನೆಯದು ಗಾಳಿ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬೀಸುವುದರಿಂದ ಹರಿಹರಕ್ಕೆ ಹೋಗುವಾಗ ಅದು ಎದುರಾಳಿ, ಬರುವಾಗ ಸಹಾಯಕ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಅಷ್ಟೇ ವೇಗದ ಎದುರು ಗಾಳಿ ಸಿಕ್ಕರೆ, ತಡೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆಗ ಒಬ್ಬನು ಮುಂದಾಗಿ ಇನ್ನೊಬ್ಬನು ಅವನ ಮರೆಯಲ್ಲಿ ಬಂದರೆ ಹಿಂದಿನವನಿಗೆ ಶ್ರಮ ಕಡಿಮೆ. ಸ್ವಲ್ಪ ಹೊತ್ತಿಗೊಮ್ಮೆ ಸ್ಥಾನ ಬದಲಿಸಿಕೊಳ್ಳತಕ್ಕದ್ದು. ಆದರೆ ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಬರಕೂಡದು. ಪಕ್ಕಪಕ್ಕದಲ್ಲಿ ಹರಟುತ್ತ ರಸ್ತೆ ತುಂಬುವುದೂ ಸಲ್ಲದು.

ಎರಡನೆಯದು ಹೊರೆ. ಪಂಪು, ಸ್ಪ್ಯಾನರು, ಸಲ್ಯೂಷನ್ನು ಇಬ್ಬರಿಗೂ ಸೇರಿ ಒಂದೊಂದು ಇದ್ದರೆ ಸಾಕು. ನೀರು, ಬದಲಿ ಟ್ಯೂಬು ಮಾತ್ರ ಅವರವರ ಬಳಿಯೇ ಇರಬೇಕು. ಬಳ್ಳಾರಿ ಜಾಲಿಯ ಮುಳ್ಳು ಇಬ್ಬರ ಟೈರನ್ನೂ ಒಂದೇ ದಿನ ಹುಡುಕಿಕೊಂಡು ಬರುವುದುಂಟು. ಚೀಲವನ್ನು ಹಿಂದಿನ ಕ್ಯಾರಿಯರಿಗೆ ತಗ್ಗಾಗಿ, ಎರಡೂ ಪಕ್ಕಕ್ಕೆ ಸಮನಾಗಿ ಕಟ್ಟಬೇಕು. ಬುತ್ತಿಗೆ ಮಂಡಕ್ಕಿ, ಬೆಲ್ಲ, ಶೇಂಗಾ ಉತ್ತಮ. ಬೆಣ್ಣೆದೋಸೆಯನ್ನು ವಾಪಸು ಬಂದ ಮೇಲೆ ತಿನ್ನುವುದು ಕ್ಷೇಮ.

ಮೂರನೆಯದೇ ಮುಖ್ಯ: ವೇಗ ಯಾರದು? ನನ್ನ ಜೊತೆಗಾರರು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು. ನನಗೆ ಐವತ್ತು ದಾಟಿದೆ, ಮೊಣಕಾಲು ಆಗಾಗ ಮಾತಾಡುತ್ತದೆ. ಅವರದು ಕಬ್ಬಿಣದ ಕಾಲು. ಒಮ್ಮೆ ರಾಣೆಬೆನ್ನೂರಿನ ದಾರಿಯಲ್ಲಿ ಅವರು ಮುಂದೆ ಹೋಗಿ ಮರದ ನೆರಳಲ್ಲಿ ಕಾಯುವುದು, ನಾನು ಏದುಸಿರು ಬಿಡುತ್ತ ಸೇರುವುದು, ಸೇರಿದ ಕ್ಷಣವೇ ಅವರು ಮತ್ತೆ ಹೊರಡುವುದು ಹೀಗೇ ನಡೆಯಿತು. ವಿಶ್ರಾಂತಿಯೆಲ್ಲ ಗಟ್ಟಿಗನಿಗೆ, ದಣಿವೆಲ್ಲ ದಣಿದವನಿಗೆ! ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ವರ್ಷದ ಗೆಳೆತನದಲ್ಲಿ ಮಾತು ನಿಂತಿತ್ತು. ಊಟವಾದ ಮೇಲೆ ಅವರೇ, “ಮೇಷ್ಟ್ರೇ, ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ” ಎಂದರು. ಅಂದಿನಿಂದ ನಮ್ಮ ಕಟ್ಟಳೆ ಇದು: ಎದುರು ಗಾಳಿಗೆ ಗಟ್ಟಿಗನು ಮುಂದೆ, ಉಳಿದಂತೆ ನಿಧಾನಿಯೇ ಮುಂದೆ, ‘ಇವತ್ತಿಗೆ ಸಾಕು’ ಎನ್ನುವ ಅಧಿಕಾರ ಇಬ್ಬರಿಗೂ ಉಂಟು, ಅದಕ್ಕೆ ಕಾರಣ ಕೇಳುವಂತಿಲ್ಲ.

ಇದೇ ತತ್ತ್ವವನ್ನು ದೂರದ ಜಪಾನೂ ಬಲ್ಲದು. ಸೈಕಲ್ ಪ್ರವಾಸಿಗಳಿಗೆ ಆ ದೇಶದ ಹಳ್ಳಿಗಾಡು ಅಚ್ಚುಮೆಚ್ಚು. ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಚಲಿಸುತ್ತವೆ. ನೆಲದ ಬಹುಭಾಗ ಬೆಟ್ಟವಾದ್ದರಿಂದ ಏರಿಳಿತಕ್ಕೆ ಬರವಿಲ್ಲ. ಸೈಕಲ್ಲನ್ನು ಕಳಚಿ ಚೀಲದಲ್ಲಿಟ್ಟರೆ ರೈಲಿನಲ್ಲಿ ಜೊತೆಗೇ ಒಯ್ಯಬಹುದು. ಒನೊಮಿಚಿಯಿಂದ ಇಮಾಬಾರಿಗೆ ದ್ವೀಪದಿಂದ ದ್ವೀಪಕ್ಕೆ ಸೇತುವೆ ಹಾಕಿ 1999ರಲ್ಲಿ ತೆರೆದ, ಸುಮಾರು 70 ಕಿಲೋಮೀಟರಿನ ಶಿಮಾನಾಮಿ ದಾರಿಯಲ್ಲಿ ಸೈಕಲ್ಲಿಗೇ ಬೇರೆ ಹಾದಿಯುಂಟು. ದಾರಿ ತಪ್ಪದಂತೆ ನೆಲದ ಮೇಲೆ ನೀಲಿ ಗೆರೆ ಎಳೆದಿದ್ದಾರೆ. ಆ ದಾರಿ ಮುಗಿಯುವುದು ಶಿಕೊಕು ದ್ವೀಪದಲ್ಲಿ. ಅಲ್ಲಿ 88 ಬೌದ್ಧ ದೇವಾಲಯಗಳನ್ನು ಸುತ್ತುವ, ಸುಮಾರು 1200 ಕಿಲೋಮೀಟರಿನ ಯಾತ್ರೆ ಪ್ರಸಿದ್ಧ. ಯಾತ್ರಿಕರ ಟೋಪಿಯ ಮೇಲೆ ‘ದೋಗ್ಯೊ ನಿನಿನ್’ ಎಂದು ಬರೆದಿರುತ್ತದೆ. ‘ಜೊತೆ ನಡೆವವರು ಇಬ್ಬರು’ ಎಂದು ಅರ್ಥ. ಒಬ್ಬನೇ ನಡೆದರೂ ಗುರು ಕೋಬೊ ದಾಯ್‌ಶಿ ಪಕ್ಕದಲ್ಲಿದ್ದಾನೆ ಎಂಬ ಭಾವ. ದಾರಿಯ ಹಳ್ಳಿಗರು ಯಾತ್ರಿಕನಿಗೆ ಹಣ್ಣು, ತಿಂಡಿ ಕೊಟ್ಟು ಉಪಚರಿಸುವುದು ಅಲ್ಲಿಯ ಹಳೆಯ ಪದ್ಧತಿ.

ನಮ್ಮ ಹರಿಹರದ ಗುಡಿಯಲ್ಲಿ ಇದಕ್ಕಿಂತ ನಿಕಟವಾದ ಜೊತೆಯನ್ನು ಕಾಣಬಹುದು. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ ಆ ದೇವಾಲಯದ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಇಬ್ಬರೂ ತಮ್ಮ ಲಾಂಛನ ಬಿಟ್ಟುಕೊಟ್ಟಿಲ್ಲ. ಆದರೂ ನಿಂತ ನಿಲುವು ಒಂದೇ. ಜೊತೆಗಾರನನ್ನು ತನ್ನಂತೆಯೇ ಮಾಡಿಕೊಳ್ಳಬೇಕೆಂಬ ಹಟ ಸವಾರನಿಗೂ ಬೇಡ.

ದೂರ ಪ್ರವಾಸದ ಆಸೆಯುಳ್ಳ ತರುಣರು ಮೊದಲು ಗೆಳೆಯನೊಡನೆ ನಾಲ್ಕು ಭಾನುವಾರ ನಸುಕಿನಲ್ಲಿ ಎದ್ದು ಹರಿಹರಕ್ಕೆ ಹೋಗಿ ಬರಲಿ. ನಾಲ್ಕನೆಯ ಭಾನುವಾರವೂ ಇಬ್ಬರೂ ನಗುತ್ತ ಮನೆ ಸೇರಿದರೆ, ಐದನೆಯ ಸಲ ಧಾರಾಳವಾಗಿ ಹೊಳೆ ದಾಟಬಹುದು.