ಎಳೆದಷ್ಟೂ ಮೂಗು ತಗ್ಗಿಸಿದ ‘ಆಕಾಶದ ಹೇನು’, ಬೆಂಗಳೂರಿನ ‘ಪುಷ್ಪಕ್’ ಮತ್ತು ನಮ್ಮ ವೈರಲ್ ವಿಮಾನಗಳು

ಹಾನುಬಾಳಿನ ಟೀ ಅಂಗಡಿಯಲ್ಲಿ ಮೊಬೈಲ್ ಒಂದು ಕೈಯಿಂದ ಕೈಗೆ ಹೋಗ್ತಾ ಇತ್ತು. ಯಾವುದೋ ಊರಿನ ಹುಡುಗ ಗುಜರಿ ಸಾಮಾನಿನಿಂದ ವಿಮಾನ ಮಾಡಿ ಗದ್ದೆಯಲ್ಲಿ ಓಡಿಸೋ ವಿಡಿಯೊ. “ಏನಪ್ಪಾ, ನೀನು ಎಂಜಿನಿಯರಿಂಗ್ ಓದಿದವನಲ್ವಾ? ನಮ್ಮ ಹುಡುಗ್ರೂ ಇಂಥದ್ದು ಮಾಡಬಹುದಾ? ಪಲ್ಪರ್, ವೀಡ್ ಕಟ್ಟರ್ ಎಲ್ಲಾ ಬಿಚ್ಚಿ ಜೋಡಿಸ್ತಾರೆ ಇವ್ರು” ಅಂತ ಹಿರಿಯರೊಬ್ಬರು ಕೇಳಿದ್ರು.

ಮಾಡಬಹುದು. ಅದೃಷ್ಟ ಇದ್ದರೆ ಹಾರಲೂಬಹುದು. ಆದರೆ ಇಂಥ ವಿಡಿಯೊ ಬಂದಾಗಲೆಲ್ಲ ನಾವು ಮಾಧ್ಯಮದವರು ‘ಹಾರಿತಾ?’ ಅಂತ ಮಾತ್ರ ಕೇಳುತ್ತೇವೆ. ಕೇಳಬೇಕಾದ್ದು ಬೇರೆ: ಮೂಗು ಕೆಳಕ್ಕೆ ವಾಲಿದರೆ ಮತ್ತೆ ಮೇಲೇಳುತ್ತಾ? ಈ ಪ್ರಶ್ನೆಯನ್ನು ತಡವಾಗಿ ಕೇಳಿದ್ದಕ್ಕೆ ಎರಡು ಮಹಾಯುದ್ಧಗಳ ನಡುವಿನ ಫ್ರಾನ್ಸ್ ಬೆಲೆ ತೆತ್ತಿದೆ.

ಹೆನ್ರಿ ಮಿನ್ಯೆ ಎಂಬಾತ 1933ರ ಸೆಪ್ಟೆಂಬರ್‌ನಲ್ಲಿ ಎಚ್‌ಎಂ-14 ಎಂಬ ಪುಟ್ಟ ವಿಮಾನ ಹಾರಿಸಿದ. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, 500 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಒಂದು ಕಾಲದ ಬುಲೆಟ್ ಬೈಕಿನಷ್ಟು ಸಿಸಿ, ಅಷ್ಟೇ. ಫ್ರೆಂಚಿನಲ್ಲಿ ಇದರ ಅಡ್ಡಹೆಸರು ‘ಆಕಾಶದ ಹೇನು’. ಇಂಗ್ಲಿಷರ ಬಾಯಲ್ಲಿ ಅದು ‘ಹಾರುವ ಚಿಗಟ’ ಆಯ್ತು. ಬಡಗಿ ಕೆಲಸ ಬಲ್ಲ ಯಾರಾದರೂ ಮನೆಯಲ್ಲೇ ಕಟ್ಟಿಕೊಳ್ಳಬಹುದು ಅಂತ ಮಿನ್ಯೆ 1934ರಲ್ಲಿ ಪುಸ್ತಕವನ್ನೇ ಬರೆದ. ಮರುವರ್ಷ ಅದರಲ್ಲೇ ಇಂಗ್ಲಿಷ್ ಕಾಲುವೆ ದಾಟಿಯೂ ತೋರಿಸಿದ. ಕಾರ್ಖಾನೆ ನೋಡದ ಸಾಮಾನ್ಯರು ಮನೆ ಮನೆಗಳಲ್ಲಿ ಹೇನು ಕಟ್ಟತೊಡಗಿದರು.

ವಿನ್ಯಾಸ ಬಹಳ ಜಾಣತನದ್ದು. ಒಂದರ ಹಿಂದೆ ಒಂದು ಎರಡು ರೆಕ್ಕೆ. ಕಾಲಲ್ಲಿ ಒತ್ತುವ ಪೆಡಲ್ ಇಲ್ಲ. ಎಲ್ಲಾ ಒಂದೇ ಸ್ಟಿಕ್‌ನಲ್ಲಿ. ಪಕ್ಕಕ್ಕೆ ತಳ್ಳಿದರೆ ಹಿಂದಿನ ಚುಕ್ಕಾಣಿ ತಿರುಗುತ್ತೆ. ಹಿಂದಕ್ಕೆ ಎಳೆದರೆ ಮುಂದಿನ ಇಡೀ ರೆಕ್ಕೆಯೇ ವಾಲಿ, ಅದರ ಮುಂಭಾಗ ಮೇಲೇಳುತ್ತೆ. ಆಗ ಮೂಗೂ ಮೇಲೇಳಬೇಕು.

ಸಾಮಾನ್ಯ ಹಾರಾಟದಲ್ಲಿ ಏಳುತ್ತಿತ್ತು ಕೂಡ. ಆದರೆ ವಿಮಾನ ಕಡಿದಾಗಿ ಕೆಳಗಿಳಿಯುವಾಗ ಸ್ಟಿಕ್ ಎಳೆದರೆ ಎರಡು ರೆಕ್ಕೆಗಳ ನಡುವಿನ ಸಂದು ಕಿರಿದಾಗುತ್ತಿತ್ತು. ಆ ಸಂದಿನಲ್ಲಿ ಗಾಳಿ ರಭಸವಾಗಿ ನುಗ್ಗಿ ಹಿಂದಿನ ರೆಕ್ಕೆಗೆ ಹೆಚ್ಚಿನ ಎತ್ತುಬಲ ಕೊಡುತ್ತಿತ್ತು. ಬಾಲ ಮೇಲೆ, ಮೂಗು ಇನ್ನೂ ಕೆಳಗೆ. ಗಾಬರಿಯಾದ ಪೈಲಟ್ ಏನು ಮಾಡ್ತಾನೆ? ಇನ್ನಷ್ಟು ಎಳೀತಾನೆ. ಎಳೆದಷ್ಟೂ ಮುಳುಗು.

ಫ್ರಾನ್ಸ್, ಬ್ರಿಟನ್‌ಗಳಲ್ಲಿ ಹಲವರು ಸತ್ತ ಮೇಲೆ ಪೂರ್ಣ ಗಾತ್ರದ ಹೇನನ್ನೇ ಗಾಳಿ ಸುರಂಗದಲ್ಲಿಟ್ಟು ಪರೀಕ್ಷೆ ಮಾಡಿದರು. ಸಮಸ್ಯೆ ಕಾಗದದ ಮೇಲೆ ಸ್ಪಷ್ಟವಾಗಿ ಕಾಣಿಸಿತು. ಮಿನ್ಯೆ ವಿನ್ಯಾಸ ತಿದ್ದಿದ. ಅದರ ನಂತರದ ಪೀಳಿಗೆಯ ವಿಮಾನಗಳು ಚೆನ್ನಾಗಿಯೇ ಹಾರಿದವು. ಅಂದ್ರೆ ತಪ್ಪು ಇದ್ದದ್ದು ಕನಸಿನಲ್ಲಲ್ಲ, ಪರೀಕ್ಷೆಗೆ ಮೊದಲೇ ಹಂಚಿದ್ದರಲ್ಲಿ.

ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1936ರ ಪಾಪ್ಯುಲರ್ ಫ್ರಂಟ್ ಸರ್ಕಾರ ಸಾಮಾನ್ಯರ ಮನೆಯ ಯುವಕರಿಗೂ ಹಾರಾಟ ಕಲಿಸುವ ಯೋಜನೆ ತಂದಿತು. ಅದಕ್ಕೆ ಬಳಸಿದ ಪೊಟೆ 60, ಸಾಲ್ಮ್ಸನ್ ಕ್ರಿ-ಕ್ರಿಯಂಥ ವಿಮಾನಗಳ ಹೆಸರು ಇವತ್ತು ಹೆಚ್ಚಿನವರಿಗೆ ಗೊತ್ತಿಲ್ಲ. ಎರಡು ಸೀಟು, ಸುಮಾರು 60 ಅಶ್ವಶಕ್ತಿ, ತಲೆ ಮೇಲೆ ಛತ್ರಿ ಹಿಡಿದಂತೆ ರೆಕ್ಕೆ. ಚಮತ್ಕಾರ ಏನಿಲ್ಲ. ವಿಮಾನ ಕಾರ್ಖಾನೆಯದ್ದು, ಖರ್ಚಿನ ಭಾರ ಸರ್ಕಾರದ್ದು, ಕಲಿಯುವವನು ಸಾಮಾನ್ಯ.

ಇದಕ್ಕೆ ಹತ್ತಿರದ ಪ್ರಯೋಗ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ಕಾಲದಲ್ಲಿ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ‘ಪುಷ್ಪಕ್’ ಬಂತು. ಉಕ್ಕಿನ ಕೊಳವೆಗಳನ್ನು ಬೆಸೆದ ಚೌಕಟ್ಟು, ಮೇಲೆ ಬಟ್ಟೆ, 90 ಅಶ್ವಶಕ್ತಿಯ ಎಂಜಿನ್, ಪಕ್ಕ ಪಕ್ಕ ಎರಡು ಸೀಟು. ರೂಪ ಅಮೆರಿಕದ ಏರೊಂಕಾ ಚೀಫ್‌ಗೆ ಹತ್ತಿರ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. 150ರ ಆಸುಪಾಸಿನಲ್ಲಿ ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋದವು.

ಆಮೇಲೆ? ಪುಷ್ಪಕ್ ಸಾಲು ಮುಂದುವರಿಯಲಿಲ್ಲ. ಬೆಂಗಳೂರಿನದೇ ಎನ್‌ಎಎಲ್‌ ರೂಪಿಸಿದ ‘ಹಂಸ’ 1993ರಲ್ಲಿ ಮೊದಲು ಹಾರಿತು. ಡಿಜಿಸಿಎ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ರಾಷ್ಟ್ರೀಯ ಪ್ರಯೋಗಾಲಯಕ್ಕೇ ಏಳು ವರ್ಷ! ಹಾಗೆ ಬಂದ ಹಂಸ-3 ತಯಾರಾದದ್ದು 20ಕ್ಕಿಂತ ಕಡಿಮೆ. ಸುಧಾರಿತ ಹಂಸ-ಎನ್‌ಜಿ 2021ರಲ್ಲಿ ಹಾರಿತು. ಈ ನಡುವೆ ನಮ್ಮ ತರಬೇತಿ ಶಾಲೆಗಳಲ್ಲಿ ವಿದೇಶಿ ಸೆಸ್ನಾಗಳೇ ತುಂಬಿಕೊಂಡವು. ಪೈಲಟ್ ಆಗೋಕೆ ಬೇಕಾದ ಲಕ್ಷ ಲಕ್ಷ ಹಣ ಕಾಫಿ ಬೆಳೆಗಾರನ ಮನೆಯಲ್ಲೇ ಕಷ್ಟ, ತೋಟದ ಕಾರ್ಮಿಕನ ಮಗಳಿಗಂತೂ ಕೇಳೋದೇ ಬೇಡ.

ಹೀಗೆ ಸರಿಯಾದ ದಾರಿ ಕಿರಿದಾದಷ್ಟೂ ಗುಜರಿ ದಾರಿ ಆಕರ್ಷಕವಾಗುತ್ತೆ. ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಚಿಕ್ಕ ಗಾಳಿ ಸುರಂಗ ಇರುತ್ತೆ. ವರ್ಷದ ಬಹುಪಾಲು ಅದಕ್ಕೆ ಬೀಗ. ಆ ಬೀಗ ತೆಗೆದು, ಹೊರಗಿನ ಹುಡುಗರ ಮಾದರಿಗಳನ್ನೂ ಪರೀಕ್ಷಿಸಿ ಕೊಟ್ಟರೆ ಸನ್ಮಾನದ ಶಾಲಿಗಿಂತ ದೊಡ್ಡ ಉಪಕಾರ. ನಾವು ಪತ್ರಕರ್ತರೂ ‘ಪ್ರತಿಭೆ’ ಅಂತ ಹೆಡ್‌ಲೈನ್ ಕೊಡುವ ಮುಂಚೆ ಇದನ್ನು ಯಾರು ಪರೀಕ್ಷಿಸಿದರು ಅಂತ ಒಂದು ಸಾಲು ಕೇಳಬೇಕು.

ಟೀ ಅಂಗಡಿಯಲ್ಲಿ ನಾನು ಹೇಳಿದ್ದು ಇಷ್ಟೇ. ಮೊದಲು ಒಂದು ಮೀಟರ್ ಉದ್ದದ ಮಾದರಿ ಮಾಡಲಿ, ಎಂಜಿನ್ ಬೇಡ, ಮನುಷ್ಯ ಬೇಡ. ದಿಬ್ಬದ ಮೇಲಿಂದ ಬಿಡಲಿ. ಬೇಕಂತಲೇ ಮೂಗು ತಗ್ಗಿಸಿ ಬಿಡಲಿ, ನೂರು ಸಲ. ತಾನಾಗೇ ಮೂಗು ಎತ್ತುತ್ತಾ ನೋಡಲಿ. ನಮ್ಮ ಕಡೆ ರನ್‌ವೇ ಇಲ್ಲದಿರಬಹುದು, ಗುಡ್ಡಕ್ಕೇನೂ ಬರವಿಲ್ಲ.