ಹೊಗೆಯ ಬಣ್ಣ ಏನು ಹೇಳುತ್ತದೆ?



ಬಸವಕಲ್ಯಾಣದ ಆಟೋನಗರ ನೀವೆಲ್ಲ ನೋಡೀರಿ. ಹುಮನಾಬಾದದ ಹೈವೇ ಮೇಲೆ ಹಗಲು ರಾತ್ರಿ ಗಾಡಿಗಳು ಓಡುತ್ತವೆ. ಅವು ಬಿಡುವ ಹೊಗೆ ಒಂದೇ ತರಹ ಇರುವುದಿಲ್ಲ. ಬಣ್ಣ ನೋಡಿ ಇಂಜಿನ್ನಿನ ರೋಗ ಅಂದಾಜು ಮಾಡಬಹುದು.

೧. ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಇಲ್ಲವೆ ಇಂಜೆಕ್ಟರ್ ಕೆಟ್ಟಿರಬಹುದು.

೨. ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಸವೆದಿರಬಹುದು.

೩. ಬಿಳಿ ಹೊಗೆ: ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು, ಇಲ್ಲವೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

ನಮ್ಮ ಮಾಮಾ ಬಸವಕಲ್ಯಾಣ, ಹುಮನಾಬಾದ ನಡುವೆ ಡೀಸೆಲ್ ಜೀಪು ಓಡಿಸುತ್ತಾರೆ. ಅದರ ಮೇಲೆಯೇ ಅವರ ಸಂಸಾರ ನಡೆಯುತ್ತದೆ. ಒಮ್ಮೆ ಡೀಸೆಲ್ ಹಾಕಿಸಿದ ಮರುದಿನವೇ ಜೀಪು ಬಿಳಿ ಹೊಗೆ ಬಿಡತೊಡಗಿತು. "ಪಂಪಿನವರು ನೀರು ಕಲಸ್ಯಾರ, ಈಗೇ ಹೋಗಿ ಕೇಳ್ತೀನಿ" ಅಂತ ಮಾಮಾ ಜಗಳಕ್ಕೇ ಹೊರಟರು. ಗ್ಯಾರೇಜಿನ ಮಿಸ್ತ್ರಿ "ತಡೀರಿ ಅಣ್ಣಾ, ಮೊದಲ ನೋಡಮು" ಅಂದರು.

ಅವರು ಡೀಸೆಲ್ ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಬಿಟ್ಟು ಅರ್ಧ ತಾಸು ಅಲುಗಾಡಿಸದೆ ಇಟ್ಟರು. ಒಂದು ಲೀಟರ್ ನೀರು ೧೦೦೦ ಗ್ರಾಂ ತೂಗುತ್ತದೆ, ಡೀಸೆಲ್ ಸುಮಾರು ೮೩೦ ಗ್ರಾಂ. ಆದ್ದರಿಂದ ನೀರಿದ್ದರೆ ತಳಕ್ಕೆ ಇಳಿಯಲೇಬೇಕು. ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ!

ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆರೆದರು. (ಬಿಸಿ ಇದ್ದಾಗ ತೆರೆಯಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ.) ನೀರು ಕೆಳಗಿಳಿದಿತ್ತು, ಆದರೆ ಹೊರಗೆ ಎಲ್ಲಿಯೂ ಸೋರಿರಲಿಲ್ಲ. ಅಂದರೆ ನೀರು ಇಂಜಿನ್ ಒಳಗೇ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ಹೆಡ್ ಗ್ಯಾಸ್ಕೆಟ್ ಒಂದು ಕಡೆ ಸುಟ್ಟಿತ್ತು. ಪಂಪಿನವರದು ತಪ್ಪೇ ಇರಲಿಲ್ಲ.

ಹಾಗಂತ ಕಲಬೆರಕೆ ಸುಳ್ಳಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಎಸ್. ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖಿಂಪುರ ಖೇರಿಯಲ್ಲಿ ಕಲಬೆರಕೆ ಮಾಡಿದ ಪಂಪನ್ನು ಮುಚ್ಚಿಸಿದ್ದಕ್ಕೆ ೨೦೦೫ರ ನವೆಂಬರ್ ೧೯ರಂದು ಅವರನ್ನು ಗುಂಡಿಟ್ಟು ಕೊಂದರು.

ಸೀಮೆಎಣ್ಣೆ ಕಲಸಿದರೆ ಬಾಟಲಿಯಲ್ಲಿ ಕಾಣುವುದಿಲ್ಲ, ಅದು ಡೀಸೆಲಿನಲ್ಲಿ ಬೆರೆತುಬಿಡುತ್ತದೆ. ಜಿಡ್ಡು ಕಡಿಮೆಯಾಗಿ ಡೀಸೆಲ್ ಪಂಪು ಬೇಗ ಸವೆಯುತ್ತದೆ. ಅದಕ್ಕೆ ಸಾಂದ್ರತೆ ಅಳೆಯಬೇಕು. ಪಂಪಿನಲ್ಲಿ ಹೈಡ್ರೋಮೀಟರ್ ಇರುತ್ತದೆ, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ಪೆಟ್ರೋಲಾದರೆ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಹಾಕಿ. ಶುದ್ಧವಿದ್ದರೆ ಸುಮಾರು ಎರಡು ನಿಮಿಷದಲ್ಲಿ ಆರಿಹೋಗುತ್ತದೆ, ಎಣ್ಣೆಯ ಕಲೆ ಉಳಿಯುವುದಿಲ್ಲ.

ಪರೀಕ್ಷೆ ಮಾಡಿದರೆ ಕಳ್ಳನೂ ಸಿಗುತ್ತಾನೆ, ಕಳ್ಳನಲ್ಲದವನೂ ಉಳಿಯುತ್ತಾನೆ. ಹಿರಿಯರು ಸುಮ್ಮನೆ ಹೇಳಿಲ್ಲ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು.

— ೭ನೇ ತರಗತಿ ವಿದ್ಯಾರ್ಥಿ