ನಿರ್ಧನ ಆರೋಪಿಯ ಪಕ್ಕದಲ್ಲಿ ನಿಂತ ವಕೀಲ

ಮಾನವಿಯಲ್ಲಿಯೋ ದೇವದುರ್ಗದಲ್ಲಿಯೋ ಪೊಲೀಸರು ಬಂಧಿಸಿದ ಒಬ್ಬ ಕೂಲಿಕಾರನನ್ನು ಇಪ್ಪತ್ತುನಾಲ್ಕು ಗಂಟೆಗಳೊಳಗೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ತಂದು ನಿಲ್ಲಿಸಿದಾಗ, ಅವನ ಕೈಯಲ್ಲಿ ಬಿಡಿಗಾಸಿಲ್ಲದಿದ್ದರೂ, ಅವನ ಪರವಾಗಿ ವಾದಿಸಲು ವಕೀಲರೊಬ್ಬರನ್ನು ಸರ್ಕಾರವೇ ತನ್ನ ಖರ್ಚಿನಿಂದ ಒದಗಿಸತಕ್ಕದ್ದೆಂಬುದು ಇಂದು ಈ ದೇಶದ ಕಾನೂನು. ಮುಂದೆ ಅವನ ಮೊಕದ್ದಮೆ ಗುರುತರವಾದುದಾಗಿ ರಾಯಚೂರಿನ ಸೆಷನ್ಸ್ ನ್ಯಾಯಾಲಯಕ್ಕೆ ಹೋದರೂ, ಅಲ್ಲಿಂದ ಕಲಬುರಗಿಯ ಉಚ್ಚ ನ್ಯಾಯಾಲಯದ ಪೀಠವನ್ನೇರಿದರೂ ಆ ಹಕ್ಕು ಅವನನ್ನು ಬಿಟ್ಟಗಲುವುದಿಲ್ಲ. ಈ ಹಕ್ಕು ಹೇಗೆ ಬಂದಿತು, ಯಾರ ನೋವಿನಿಂದ ಬಂದಿತು ಎಂಬುದನ್ನು ಅರಸುತ್ತ ಹೊರಟವರಿಗೆ ರಾಯಚೂರು ಸೀಮೆಯು ಸೇರಿದ್ದ ಹೈದರಾಬಾದು ಸಂಸ್ಥಾನವೂ, ಸಾವಿರಾರು ಹರಿದಾರಿ ಆಚೆಯ ಅಮೆರಿಕದ ಅಲಬಾಮಾ ಪ್ರಾಂತವೂ ಒಂದೇ ತೀರ್ಪಿನ ಪುಟಗಳಲ್ಲಿ ಎದುರಾಗುತ್ತವೆ.

ದಂಡನೆಗೆ ಗುರಿಯಾದವನ ಪರವಾಗಿ ಇನ್ನೊಬ್ಬರು ಮಾತನಾಡುವ ಅವಕಾಶವಿರಬೇಕೆಂಬ ವಿಚಾರ ಪುರಾತನವಾದುದು. ಮಸ್ಕಿಯ ಬಂಡೆಯ ಮೇಲೆ ಯಾವ ಸಾಮ್ರಾಟನ ಹೆಸರು ಕೆತ್ತಲ್ಪಟ್ಟು ಈ ಜಿಲ್ಲೆಗೆ ಕೀರ್ತಿಯನ್ನು ತಂದಿತೋ, ಆ ಅಶೋಕನು ತನ್ನ ಸ್ತಂಭಶಾಸನಗಳಲ್ಲೊಂದರಲ್ಲಿ, ವಿಚಾರಣೆಯಲ್ಲಿಯೂ ದಂಡನೆಯಲ್ಲಿಯೂ ಸಮತೆ ಇರತಕ್ಕದ್ದೆಂದು ವಿಧಿಸಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಆ ಅವಧಿಯಲ್ಲಿ ಬಂಧುಗಳು ಬಂದು ಅವರ ಪ್ರಾಣಕ್ಕಾಗಿ ಮೊರೆಯಿಡಬಹುದಾಗಿತ್ತು. ಆದರೆ ಅನುಗ್ರಹ ಬೇರೆ, ಹಕ್ಕು ಬೇರೆ. ನ್ಯಾಯಪದ್ಧತಿಯ ತವರೆಂದು ಹೊಗಳಿಸಿಕೊಂಡ ಇಂಗ್ಲೆಂಡಿನಲ್ಲಿಯೇ ಗುರುತರ ಅಪರಾಧದ ಆರೋಪಿಯ ವಕೀಲನು ಜ್ಯೂರಿಯನ್ನುದ್ದೇಶಿಸಿ ಪೂರ್ಣವಾಗಿ ವಾದಿಸುವ ಹಕ್ಕು 1836ರವರೆಗೆ ಇರಲಿಲ್ಲ. ಅಮೆರಿಕವು ತನ್ನ ಸಂವಿಧಾನದ ಆರನೆಯ ತಿದ್ದುಪಡಿಯಿಂದ 1791ರಲ್ಲಿಯೇ ಆರೋಪಿಗೆ ವಕೀಲನ ನೆರವನ್ನು ಪಡೆಯುವ ಹಕ್ಕನ್ನು ಸಾರಿತಾದರೂ, ಹಣ ತೆರಲಾರದವನಿಗೆ ವಕೀಲನನ್ನು ಯಾರು ಕೊಡಬೇಕೆಂಬ ಪ್ರಶ್ನೆ ಒಂದೂವರೆ ಶತಮಾನದ ತನಕ ಬಗೆಹರಿಯದೆ ಉಳಿಯಿತು.

ಇತ್ತ ರಾಯಚೂರಿನಲ್ಲಿ ಆಧುನಿಕ ನ್ಯಾಯಾಲಯವು ಕಾಲಿಟ್ಟ ಬಗೆಯೇ ವಿಲಕ್ಷಣವಾದುದು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬು 1853ರ ಒಪ್ಪಂದದ ಮೇರೆಗೆ ನಿಜಾಮರ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯವರ ಆಡಳಿತಕ್ಕೆ ಹೋಗಿ, 1860ರಲ್ಲಿ ಮತ್ತೆ ನಿಜಾಮರಿಗೆ ಮರಳಿತು. ಆ ಕಾಲದ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು 1865ರ ಸುಮಾರಿಗೆ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸುವ ಜಿಲ್ಲಾಬಂದಿಯನ್ನು ಜಾರಿಗೊಳಿಸಿ, ತಾಲ್ಲೂಕುದಾರರನ್ನೂ ತಹಶೀಲದಾರರನ್ನೂ ನೇಮಿಸಿ, ದಿವಾನಿ ಫೌಜದಾರಿ ವ್ಯವಹಾರಗಳಿಗೆ ಕ್ರಮಬದ್ಧವಾದ ಅದಾಲತ್ತುಗಳನ್ನು ಕಟ್ಟಿದರು. ಕಂದಾಯ ವಸೂಲು ಮಾಡುವ ಅಧಿಕಾರಿಯೇ ಅಪರಾಧವನ್ನು ವಿಚಾರಿಸುವ ಪದ್ಧತಿಯನ್ನು ಮುಂದೆ 1920ರ ದಶಕದ ಆರಂಭದಲ್ಲಿ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಫರ್ಮಾನಿನ ಮೂಲಕ ನಿಲ್ಲಿಸಿ, ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಿದರೆಂಬುದು ಸ್ಮರಣಾರ್ಹವಾದ ಸಂಗತಿ. ಬ್ರಿಟಿಷ್ ಇಂಡಿಯಾದಲ್ಲಿ ಅಷ್ಟು ಹೊತ್ತಿಗೆ ಅದು ಕಾಂಗ್ರೆಸ್ಸಿನ ಬೇಡಿಕೆಯಾಗಿಯೇ ಉಳಿದಿದ್ದಿತು. ಬ್ರಿಟಿಷರ ದಂಡಸಂಹಿತೆ, ಪ್ರಕ್ರಿಯಾಸಂಹಿತೆಗಳ ಮಾದರಿಯಲ್ಲಿ ಸಂಸ್ಥಾನವು ತನ್ನವೇ ಆದ ಸಂಹಿತೆಗಳನ್ನೂ ರಚಿಸಿಕೊಂಡಿತ್ತು.

ಆದರೆ ಆ ಅದಾಲತ್ತುಗಳ ವ್ಯವಹಾರವೆಲ್ಲ ನಡೆಯುತ್ತಿದ್ದುದು ಉರ್ದುವಿನಲ್ಲಿ. ಮಾನವಿಯ ಹೊಲಗಳಲ್ಲಿ ದುಡಿಯುತ್ತಿದ್ದ, ದೇವದುರ್ಗದ ಕಡೆ ಕುರಿ ಕಾಯುತ್ತಿದ್ದ ಕನ್ನಡದ ರೈತಾಪಿ ಮನುಷ್ಯನಿಗೆ ತನ್ನ ಮೇಲಿನ ಆರೋಪವೂ ಸಾಕ್ಷಿಗಳ ಹೇಳಿಕೆಯೂ ಕಡೆಗೆ ತನಗೆ ವಿಧಿಸಿದ ಶಿಕ್ಷೆಯೂ ದಾಖಲಾಗುತ್ತಿದ್ದುದು ತಾನು ಓದಲಾರದ ಲಿಪಿಯಲ್ಲಿ. ಅಂಥವನಿಗೆ ವಕೀಲನು ಕಾನೂನು ಬಲ್ಲವನು ಮಾತ್ರವಾಗಿರದೆ ನ್ಯಾಯಾಲಯದಲ್ಲಿ ಅವನ ಕಣ್ಣೂ ಕಿವಿಯೂ ಆಗಿದ್ದನು. ವಕಾಲತ್ತಿಗೆ ಹಣ ಹೊಂದಿಸಿದವನಿಗೆ ಆ ಕಣ್ಣು ದೊರೆಯಿತು. ಹೊಂದಿಸಲಾರದವನು ತನ್ನ ವಿಚಾರಣೆಗೇ ತಾನು ಪರಕೀಯನಾಗಿ ನಿಂತನು.

ವಕೀಲನಿಲ್ಲದ ಆರೋಪಿಯ ಈ ಪ್ರಶ್ನೆಯು ತನ್ನ ಪೂರ್ಣ ಭೀಕರತೆಯಲ್ಲಿ ಪ್ರಕಟವಾದುದು ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ. ಸೈನಿಕ ರಾಜ್ಯಪಾಲರಾಗಿ ಬಂದ ಜನರಲ್ ಜೆ. ಎನ್. ಚೌಧುರಿಯವರ ಆಡಳಿತವು ಸಂಸ್ಥಾನದಲ್ಲಿ ವಿಶೇಷ ನ್ಯಾಯಮಂಡಲಿಗಳನ್ನು ಸ್ಥಾಪಿಸಿತು. ತೆಲಂಗಾಣದ ಕಮ್ಯುನಿಸ್ಟ್ ಹೋರಾಟದಲ್ಲಿ ಕೊಲೆಯ ಆರೋಪಕ್ಕೆ ಒಳಗಾದ ಜನಾರ್ದನ ರೆಡ್ಡಿ ಮೊದಲಾದವರಿಗೆ ಅಂತಹ ಮಂಡಲಿಯು 1949ರ ಆಗಸ್ಟಿನಲ್ಲಿ ಮರಣದಂಡನೆಯನ್ನು ವಿಧಿಸಿತು; ಅದೇ ವರ್ಷದ ಡಿಸೆಂಬರಿನಲ್ಲಿ ಹೈದರಾಬಾದಿನ ಉಚ್ಚ ನ್ಯಾಯಾಲಯವು ಅದನ್ನು ಸ್ಥಿರಪಡಿಸಿತು. ಸಂವಿಧಾನವು ಜಾರಿಗೆ ಬಂದ ಮೇಲೆ ಅವರು ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಅವರ ಪರವಾಗಿ ವಾದಿಸಲು ಇಂಗ್ಲೆಂಡಿನಿಂದ ಪ್ರಖ್ಯಾತ ನ್ಯಾಯವಾದಿ ಡಿ. ಎನ್. ಪ್ರಿಟ್ ಅವರು ಬಂದರು. ವಿಚಾರಣೆಯ ಕಾಲದಲ್ಲಿ ಆರೋಪಿಗಳಿಗೆ ವಕೀಲರ ನೆರವಿರಲಿಲ್ಲವೆಂಬುದು ಅವರ ಆಕ್ಷೇಪಗಳಲ್ಲಿ ಅತ್ಯಂತ ಗಂಭೀರವಾದುದಾಗಿದ್ದಿತು. ಆಗ ನಿದರ್ಶನವಾಗಿ ನ್ಯಾಯಾಲಯದ ಮುಂದೆ ಬಂದುದು ಅಮೆರಿಕದ ಪೊವೆಲ್ ಮೊಕದ್ದಮೆ.

ಆ ಮೊಕದ್ದಮೆಯ ವೃತ್ತಾಂತವನ್ನು ಕನ್ನಡದ ವಾಚಕರು ತಿಳಿಯತಕ್ಕದ್ದಿದೆ. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೊ ಎಂಬ ಊರಿನಲ್ಲಿ, ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಮಂದಿ ಕರಿಯ ಹುಡುಗರ ಮೇಲೆ ಬಿಳಿಯ ಸ್ತ್ರೀಯರ ಮಾನಭಂಗದ ಸುಳ್ಳು ಆರೋಪವನ್ನು ಹೊರಿಸಿ, ಉದ್ರಿಕ್ತವಾದ ಜನಸ್ತೋಮದ ನಡುವೆ, ವಕೀಲನ ನೆರವು ಬರಿಯ ಹೆಸರಿಗೆ ಇದ್ದಂತೆ ಮಾಡಿ, ಕೆಲವೇ ದಿನಗಳಲ್ಲಿ ವಿಚಾರಣೆಯನ್ನು ಮುಗಿಸಿ, ಎಂಟು ಮಂದಿಗೆ ಮರಣದಂಡನೆಯನ್ನು ವಿಧಿಸಲಾಯಿತು. 1932ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಪ್ರಾಣವೇ ಪಣವಾಗಿರುವಲ್ಲಿ ನಿರ್ಧನನೂ ಅಜ್ಞನೂ ಆದ ಆರೋಪಿಗೆ ವಕೀಲನನ್ನು ಒದಗಿಸುವುದು ನ್ಯಾಯಾಲಯದ ಕರ್ತವ್ಯವೆಂದು ನಿರ್ಣಯಿಸಿತು.

ನಮ್ಮ ಸರ್ವೋಚ್ಚ ನ್ಯಾಯಾಲಯವು 1951ರ ಮಾರ್ಚಿನಲ್ಲಿ ಈ ತತ್ತ್ವವನ್ನು ಗೌರವದಿಂದ ಪರಾಮರ್ಶಿಸಿತು, ಆದರೆ ಸ್ವೀಕರಿಸಲಿಲ್ಲ. ಮರಣದಂಡನೆಯ ಮೊಕದ್ದಮೆಗಳಲ್ಲಿ ವಕೀಲನನ್ನು ಕೊಡುವುದು ಉಚಿತವಾದ ಕ್ರಮವೇ ಆದರೂ, ಹೈದರಾಬಾದಿನ ಪ್ರಕ್ರಿಯಾಸಂಹಿತೆಯು ಆರೋಪಿಗೆ ಕೊಟ್ಟಿದ್ದುದು ತಾನಾಗಿ ವಕೀಲನನ್ನು ನೇಮಿಸಿಕೊಳ್ಳುವ ಹಕ್ಕನ್ನೇ ಹೊರತು ಸರ್ಕಾರದಿಂದ ಪಡೆಯುವ ಹಕ್ಕನ್ನಲ್ಲವೆಂದೂ, ವಕೀಲನಿರಲಿಲ್ಲವೆಂಬ ಒಂದೇ ಕಾರಣದಿಂದ ವಿಚಾರಣೆಯು ಶೂನ್ಯವಾಗದೆಂದೂ ಹೇಳಿ ಅರ್ಜಿಗಳನ್ನು ವಜಾ ಮಾಡಿತು. ರಾಯಚೂರಿನ ಆರೋಪಿಯನ್ನು ಆ ತನಕ ಆಳುತ್ತಿದ್ದುದೂ ಅದೇ ಸಂಹಿತೆ. ತೀರ್ಪು ಬಂದ ಕೆಲವೇ ದಿನಗಳಲ್ಲಿ, 1951ರ ಏಪ್ರಿಲ್ 1ರಿಂದ, ಭಾರತದ ದಂಡಸಂಹಿತೆಯೂ ಪ್ರಕ್ರಿಯಾಸಂಹಿತೆಯೂ ಹೈದರಾಬಾದಿಗೆ ವಿಸ್ತರಿಸಲ್ಪಟ್ಟುವು; 1956ರ ನವೆಂಬರ್ 1ರಂದು ರಾಯಚೂರು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. ಸರ್ಕಾರ ಬದಲಾಯಿತು, ಸಂಹಿತೆ ಬದಲಾಯಿತು; ಬಡ ಆರೋಪಿಯ ಏಕಾಕಿತನ ಬದಲಾಗಲಿಲ್ಲ. ಸಂವಿಧಾನದ 22ನೆಯ ಅನುಚ್ಛೇದವು ಬಂಧಿತನಿಗೆ ತನಗೆ ಬೇಕಾದ ವಕೀಲನನ್ನು ಸಂಪರ್ಕಿಸುವ ಹಕ್ಕನ್ನು ಕೊಟ್ಟಿತ್ತಾದರೂ ಶುಲ್ಕವನ್ನು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಇನ್ನೊಂದು ಹೆಜ್ಜೆ ಬಿದ್ದಿತು. ಫ್ಲಾರಿಡಾ ಪ್ರಾಂತದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನು, ಕಳ್ಳತನಕ್ಕಾಗಿ ಕಟ್ಟಡಕ್ಕೆ ನುಗ್ಗಿದ ಆರೋಪದಲ್ಲಿ ವಕೀಲನನ್ನು ಕೇಳಿ ನಿರಾಕರಿಸಲ್ಪಟ್ಟು ಸೆರೆಗೆ ಹೋದವನು, ಸೆರೆಮನೆಯಿಂದಲೇ ಸೀಸದ ಕಡ್ಡಿಯಲ್ಲಿ ಬರೆದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಕಳುಹಿಸಿದನು. 1963ರ ಮಾರ್ಚಿನಲ್ಲಿ ಆ ನ್ಯಾಯಾಲಯವು, ಪ್ರಾಣದ ಪ್ರಶ್ನೆ ಇರಲಿ ಇಲ್ಲದಿರಲಿ, ಗುರುತರ ಅಪರಾಧದ ಆರೋಪಕ್ಕೊಳಗಾದ ಪ್ರತಿಯೊಬ್ಬ ನಿರ್ಧನನಿಗೂ ವಕೀಲನನ್ನು ಕೊಡಲೇಬೇಕೆಂದು ಏಕಕಂಠದಿಂದ ಸಾರಿತು. ಮರುವಿಚಾರಣೆಯಲ್ಲಿ ವಕೀಲನ ನೆರವು ದೊರೆತ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆಯಾದನು. ಅದೇ ಆರೋಪ, ಅದೇ ಮನುಷ್ಯ. ಪಕ್ಕದಲ್ಲಿ ನಿಂತು ಪಾಟೀಸವಾಲು ಮಾಡಬಲ್ಲವನೊಬ್ಬನಿದ್ದುದೇ ವ್ಯತ್ಯಾಸ.

ನಮ್ಮಲ್ಲಿ ಬದಲಾವಣೆಯು ಮೆಟ್ಟಿಲು ಮೆಟ್ಟಿಲಾಗಿ ಬಂದಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಪ್ರಕ್ರಿಯಾಸಂಹಿತೆಯು ತನ್ನ 304ನೆಯ ಪ್ರಕರಣದಲ್ಲಿ, ಸೆಷನ್ಸ್ ವಿಚಾರಣೆಯಲ್ಲಿ ನಿರ್ಧನ ಆರೋಪಿಗೆ ಸರ್ಕಾರದ ಖರ್ಚಿನಿಂದ ವಕೀಲನನ್ನು ಕೊಡಬೇಕೆಂದು ವಿಧಿಸಿತು. 1976ರ ತಿದ್ದುಪಡಿಯಿಂದ ಉಚಿತ ಕಾನೂನು ನೆರವು ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿ ಸ್ಥಾನ ಪಡೆಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರೂ, 1979ರಲ್ಲಿ ಬಿಹಾರದ ವಿಚಾರಣಾಧೀನ ಕೈದಿಗಳ ದಾರುಣ ಸ್ಥಿತಿಯನ್ನು ಕಂಡ ನ್ಯಾಯಮೂರ್ತಿ ಭಗವತಿಯವರೂ, ವಕೀಲನ ನೆರವು ಜೀವಿಸುವ ಹಕ್ಕಿನ ಅಂಗವೇ ಎಂದು ತೀರ್ಮಾನಿಸಿದರು. ಕಡೆಗೆ 1986ರಲ್ಲಿ, ಅರುಣಾಚಲ ಪ್ರದೇಶದ ಸುಕ್ ದಾಸ್ ಎಂಬಾತನ ಮೊಕದ್ದಮೆಯಲ್ಲಿ, ಆರೋಪಿಯು ಕೇಳಲಿಲ್ಲವೆಂಬುದು ಕೊಡದಿರಲು ಕಾರಣವಾಗಲಾರದೆಂದೂ, ಅವನಿಗೆ ಈ ಹಕ್ಕಿದೆಯೆಂದು ತಿಳಿಸುವುದೇ ನ್ಯಾಯಾಧೀಶರ ಕರ್ತವ್ಯವೆಂದೂ ಹೇಳಿ, ವಕೀಲನಿಲ್ಲದೆ ನಡೆದ ವಿಚಾರಣೆಯಿಂದ ಬಂದ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಹೈದರಾಬಾದಿನ ಆರೋಪಿಗಳಿಗೆ 1951ರಲ್ಲಿ ನಿರಾಕರಿಸಲ್ಪಟ್ಟ ತತ್ತ್ವವು ಮೂವತ್ತೈದು ವರ್ಷಗಳ ತರುವಾಯ ದೇಶದ ಕಾನೂನಾಯಿತು.

ಜಾಮೀನಿನ ವಿಷಯದಲ್ಲಿಯೂ ಈ ಸೀಮೆಯವರು ನೆನೆಯಬೇಕಾದ ತೀರ್ಪೊಂದಿದೆ. ಮೋತಿರಾಮ್ ಎಂಬ ಗಾರೆಕೆಲಸದವನಿಗೆ ಹತ್ತು ಸಾವಿರ ರೂಪಾಯಿಗಳ ಜಾಮೀನನ್ನು ವಿಧಿಸಿ, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಆ ಜಾಮೀನನ್ನು ತಿರಸ್ಕರಿಸಿದಾಗ, ಕೃಷ್ಣ ಅಯ್ಯರ್ ಅವರು 1978ರಲ್ಲಿ ಅದನ್ನು ಖಂಡಿಸಿ, ದೂರದ ನಾಡಿನಲ್ಲಿ ಬಂಧಿತನಾದ ಕನ್ನಡಿಗನು ಅಲ್ಲಿ ಆಸ್ತಿವಂತ ಜಾಮೀನುದಾರನನ್ನು ಎಲ್ಲಿಂದ ತಂದಾನೆಂಬ ಅರ್ಥದ ಪ್ರಶ್ನೆಯನ್ನೆತ್ತಿದರು. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನವಿಗಳಿಂದ ಬೆಂಗಳೂರಿಗೂ ನೆರೆರಾಜ್ಯಗಳಿಗೂ ಗುಳೆ ಹೋಗುವ ಕುಟುಂಬಗಳಿಗೆ ಈ ಪ್ರಶ್ನೆ ನಿತ್ಯದ ಬಾಳಿನದು. ಊರಿನಲ್ಲಿ ಬಂಧಿತನಾದರೆ ಮನೆಯವರು ಊರಿನಲ್ಲಿಲ್ಲ. ಪರವೂರಿನಲ್ಲಿ ಬಂಧಿತನಾದರೆ ಪಹಣಿ ತೋರಿಸಿ ಜಾಮೀನು ನಿಲ್ಲುವವರು ಅಲ್ಲಿಲ್ಲ. ಹಣವನ್ನೇ ಜಾಮೀನಿನ ಅಳತೆಗೋಲನ್ನಾಗಿ ಮಾಡಿಕೊಂಡ ಅಮೆರಿಕದಲ್ಲಿಯೂ ಇದೇ ಅನ್ಯಾಯವು ದೀರ್ಘಕಾಲ ಚರ್ಚೆಗೊಳಗಾಗಿ, 2023ರಲ್ಲಿ ಇಲಿನಾಯ್ ಪ್ರಾಂತವು ಹಣದ ಜಾಮೀನನ್ನೇ ತೊಡೆದುಹಾಕಿತು.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಂದು ಜಾರಿಗೆ ಬಂದುದರಿಂದ ಹಕ್ಕಿಗೆ ಕಚೇರಿಯೂ ದೊರೆಯಿತು: ಜಿಲ್ಲೆಗೆ ಪ್ರಧಾನ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಪ್ರಾಧಿಕಾರ, ತಾಲ್ಲೂಕಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರ ಸಮಿತಿ. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠವು ಆರಂಭವಾಗಿ 2013ರಲ್ಲಿ ಖಾಯಂ ಆದುದರಿಂದ, ಮೇಲ್ಮನವಿಗಾಗಿ ಬೆಂಗಳೂರಿನವರೆಗೆ ಅಲೆಯುವ ಕಷ್ಟವೂ ನೀಗಿತು. ಅಮೆರಿಕದ ಸರ್ಕಾರಿ ರಕ್ಷಣಾ ವಕೀಲರ ಪದ್ಧತಿಯನ್ನು ಹೋಲುವಂತೆ, ಆರೋಪಿಗಳ ಪರವಾಗಿಯೇ ಪೂರ್ಣಾವಧಿ ದುಡಿಯುವ ವಕೀಲರ ತಂಡಗಳನ್ನು ಜಿಲ್ಲೆಗಳಲ್ಲಿ ನೇಮಿಸುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2022ರಿಂದ ವಿಸ್ತರಿಸಿದೆ. ಆ ಮಾದರಿಯಿಂದ ನಾವು ಎಚ್ಚರಿಕೆಯನ್ನೂ ಕಲಿಯಬೇಕು. ಅಲ್ಲಿ ಒಬ್ಬೊಬ್ಬ ವಕೀಲನ ಮೇಲೆ ಬೀಳುವ ಮೊಕದ್ದಮೆಗಳ ಹೊರೆ ಅಪಾರ. ಬಹುಪಾಲು ಶಿಕ್ಷೆಗಳು ವಿಚಾರಣೆಯೇ ನಡೆಯದೆ, ಪ್ರಾಸಿಕ್ಯೂಟರರೊಡನೆ ಮಾಡಿಕೊಂಡ ತಪ್ಪೊಪ್ಪಿಗೆಯ ಒಡಂಬಡಿಕೆಯಿಂದಲೇ ಬರುತ್ತವೆ. ವಕೀಲನು ಹೆಸರಿಗೆ ಇದ್ದು ಕೆಲಸಕ್ಕೆ ಇಲ್ಲದಿದ್ದರೆ ಸ್ಕಾಟ್ಸ್‌ಬರೊದ ಅನ್ಯಾಯವು ಹೊಸ ವೇಷದಲ್ಲಿ ಮರಳಿ ಬರುವುದು.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳು ಹೋಗಿ ಹೊಸವು ಬಂದಿವೆ. ಹಳೆಯ 304ನೆಯ ಪ್ರಕರಣವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 341ನೆಯ ಪ್ರಕರಣವಾಗಿ ಮುಂದುವರಿದಿದೆ. ಬಂಧನದಲ್ಲಿರುವವರು, ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು ಮತ್ತು ಅಂಗವಿಕಲರು ಆದಾಯದ ಲೆಕ್ಕವಿಲ್ಲದೆ ಈ ನೆರವಿಗೆ ಅರ್ಹರು. ಆದುದರಿಂದ ರಾಯಚೂರು, ದೇವದುರ್ಗ, ಮಾನವಿಗಳ ಶಿಕ್ಷಕರಲ್ಲಿ, ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ, ವಿಶೇಷವಾಗಿ ವಕೀಲ ಬಂಧುಗಳಲ್ಲಿ ಒಂದು ವಿನಂತಿ. ನೆರೆಯವನೊಬ್ಬನು ಬಂಧಿತನಾದನೆಂದು ಕೇಳಿದಾಗ ಅವನು ದೋಷಿಯೋ ನಿರ್ದೋಷಿಯೋ ಎಂಬ ನಿರ್ಣಯವನ್ನು ನ್ಯಾಯಾಲಯಕ್ಕೆ ಬಿಟ್ಟು, ಮೊದಲು ಅವನ ಮನೆಯವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿಯನ್ನು ತೋರಿಸಿರಿ. 15100 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಬರೆದುಕೊಡಿರಿ. ಅಷ್ಟು ಮಾಡುವುದು ನಮ್ಮೆಲ್ಲರ ಕೈಯಲ್ಲಿದೆ.